ಬೆಳೆಯದ ಟ್ಯೂಬು

ನಮ್ಮ ಪ್ರಯೋಗಾಲಯದ ಕಟ್ಟಡಕ್ಕೆ ಹೊಸ ವೈರಿಂಗ್ ಮಾಡಿಸಬೇಕೆಂದು ಮೂರು ವಾರ ಬಾಗಿಲು ಹಾಕಿದರು. ಆಗ ನಾನು ಪಿಎಚ್.ಡಿ.ಯ ಐದನೆಯ ವರ್ಷದಲ್ಲಿದ್ದೆ. ಆರು ಗಾಜಿನ ಟ್ಯೂಬುಗಳನ್ನು ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿ, ಸುತ್ತ ಹಳೆಯ ದುಪಟ್ಟಾ ತುರುಕಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ದೊಡ್ಡಬಳ್ಳಾಪುರದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ತುಪ್ಪವೇ ಎಂದು ಕೇಳಿದರು. ಹೌದು ಎಂದೆ. ಬೂಷ್ಟು ಎಂದಿದ್ದರೆ ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು.

ಡಬ್ಬಿಯಲ್ಲಿದ್ದದ್ದು ನಿಜಕ್ಕೂ ಬೂಷ್ಟು. ನ್ಯೂರೊಸ್ಪೊರಾ ಎಂದು ಅದರ ಹೆಸರು. ಕಿತ್ತಳೆ ಬಣ್ಣದ ಪುಡಿ ಪುಡಿಯಾಗಿ ಬೆಳೆಯುತ್ತದೆ, ಬೇಕರಿಗೆ ಹೊಕ್ಕರೆ ಬೇಕರಿಯನ್ನೇ ಮುಚ್ಚಿಸುತ್ತದೆ. ಜೀನ್ ಎಂದರೇನು, ಅದು ಜೀವಕೋಶದೊಳಗೆ ಮಾಡುವ ಕೆಲಸವೇನು ಎಂದು ತಿಳಿಯಲು ವಿಜ್ಞಾನಿಗಳು ಬಹಳ ಕಾಲದಿಂದ ಇದನ್ನು ಸಾಕಿಕೊಂಡು ಬಂದಿದ್ದಾರೆ. ಇದಕ್ಕೆ ಸಕ್ಕರೆ, ಒಂದಿಷ್ಟು ಲವಣ, ಚಿಟಿಕೆಯಷ್ಟು ಒಂದು ವಿಟಮಿನ್ ಕೊಟ್ಟರೆ ಸಾಕು, ಉಳಿದದ್ದನ್ನೆಲ್ಲ ತಾನೇ ತಯಾರಿಸಿಕೊಳ್ಳುತ್ತದೆ. ನನ್ನದಕ್ಕೆ ಆ ಶಕ್ತಿ ಇರಲಿಲ್ಲ. ಅರ್ಜಿನೈನ್ ಎಂಬ ಅಮೈನೋ ಆಮ್ಲವನ್ನು ಮಾಡಿಕೊಳ್ಳುವ ದಾರಿಯಲ್ಲಿ ಅದರ ಒಂದು ಜೀನ್ ಕೆಟ್ಟಿತ್ತು. ಅರ್ಜಿನೈನನ್ನು ನಾವು ಕೈಯಾರೆ ಹಾಕಿದರೆ ಚೆನ್ನಾಗಿಯೇ ಬೆಳೆಯುತ್ತಿತ್ತು, ಹಾಕದಿದ್ದರೆ ಹಸಿವಿನಿಂದ ಸಾಯುತ್ತಿತ್ತು. ಇಂಥ ಮ್ಯೂಟೆಂಟ್‌ಗಳು ಹೊಸದೇನಲ್ಲ. ಆದರೆ ಉಳಿದವುಗಳಲ್ಲಿ ಅರ್ಜಿನೈನ್ ಮಾಡುವ ಯಾವುದಾದರೊಂದು ಕಿಣ್ವವೇ ಇರುವುದಿಲ್ಲ. ನನ್ನದರಲ್ಲಿ ಎಲ್ಲ ಕಿಣ್ವಗಳೂ ಇದ್ದವು, ಒಂದು ಮಾತ್ರ ಜೀವಕೋಶದೊಳಗೆ ತಾನು ಸೇರಬೇಕಾದ ಜಾಗಕ್ಕೆ ಹೋಗಿ ಸೇರುತ್ತಿರಲಿಲ್ಲ. ಏಕೆ ಸೇರುವುದಿಲ್ಲ ಎಂಬುದೇ ನನ್ನ ಪ್ರಬಂಧ. ಆ ಒಂದು ಪ್ರಶ್ನೆಗೆ ಐದು ವರ್ಷ ಸುರಿದಿದ್ದೆ.

ಊರಿಗೆ ಬಂದ ಮೂರನೆಯ ದಿನ ನನ್ನ ಮೇಷ್ಟ್ರು ಫೋನ್ ಮಾಡಿದರು. ರಿಪೇರಿಗೆಂದು ನಮ್ಮ ಫ್ರೀಜರನ್ನು ಇನ್ನೊಂದು ಕಟ್ಟಡಕ್ಕೆ ಸಾಗಿಸಿದ್ದರಂತೆ. ಅಲ್ಲಿ ಕರೆಂಟು ಹೋದದ್ದನ್ನು ಯಾರೂ ನೋಡಿರಲಿಲ್ಲ. ಒಳಗಿದ್ದದ್ದೆಲ್ಲ ಕರಗಿ ಸತ್ತಿತ್ತು. ನಿನ್ನ ಹತ್ತಿರ ಇರೋದೇ ಈಗ ಪ್ರಪಂಚದಲ್ಲಿರೋದು, ಹುಷಾರು ಎಂದರು. ಅವರಿಗೆ ನಿವೃತ್ತಿಗೆ ಎಂಟು ತಿಂಗಳಿತ್ತು. ಟ್ಯೂಬುಗಳನ್ನು ಮನೆಗೆ ಒಯ್ಯಲು ಬಿಟ್ಟದ್ದೇ ನಿಯಮಕ್ಕೆ ವಿರುದ್ಧ, ಅದೂ ನನ್ನ ಹಟಕ್ಕೆ ಸೋತು.

ನಮ್ಮೂರು ರಾಜಘಟ್ಟದ ಕಡೆ ಹೋಗುವ ರಸ್ತೆಯಲ್ಲಿದೆ. ಅಪ್ಪನಿಗೆ ರಾಗಿ, ಮುಸುಕಿನ ಜೋಳ ಬೆಳೆಯುವಷ್ಟು ಹೊಲವಿದೆ, ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ವಿದ್ಯುತ್ ಮಗ್ಗಗಳಿವೆ. ಮಾತು ಕಡಿಮೆ. ಮಗ್ಗದ ಸದ್ದಿನಲ್ಲಿ ಇಡೀ ಜೀವಮಾನ ಕಳೆದವರಿಗೆ ಮಾತಾಡಿ ಪ್ರಯೋಜನವಿಲ್ಲ ಎಂಬುದು ರೂಢಿಯಾಗಿರುತ್ತದೆ. ಆ ಮಾತೆಲ್ಲ ನನಗೇ ಬಂದಿತ್ತು, ಜೊತೆಗೆ ಸಿಟ್ಟೂ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಓದಿದವಳು ನಾನು, ಅದನ್ನು ಯಾರೂ ಮರೆಯದಂತೆ ನೋಡಿಕೊಳ್ಳುತ್ತಿದ್ದೆ.

ಅಜ್ಜಿಯ ಕೋಣೆ ಮನೆಯಲ್ಲೇ ತಂಪು. ಅಜ್ಜಿ ತೀರಿಕೊಂಡು ಎಂಟು ತಿಂಗಳಾಗಿತ್ತು, ಕೋಣೆ ಖಾಲಿ ಇತ್ತು. ಅಲ್ಲಿ ಅಟ್ಟದ ಕೆಳಗೆ ಒಂದು ಮೇಜು ಹಾಕಿ, ಬ್ಯಾಗಿನಲ್ಲಿ ತಂದಿದ್ದ ಸ್ಪಿರಿಟ್ ದೀಪ, ಖಾಲಿ ಟ್ಯೂಬುಗಳು, ಗಾಜಿನ ತಟ್ಟೆಗಳು, ಲವಣದ ಬಾಟಲಿ, ಅರ್ಜಿನೈನ್ ಎಲ್ಲ ಜೋಡಿಸಿಕೊಂಡೆ. ಫ್ರಿಜ್‌ನಲ್ಲಿ ಊಟದ ಜೊತೆ ಬೂಷ್ಟು ಇಡಲು ಅಮ್ಮ ಒಪ್ಪಲಿಲ್ಲ. ಹಾಗಾಗಿ ಹತ್ತು ದಿನಕ್ಕೊಮ್ಮೆ ಹಳೆಯ ಟ್ಯೂಬಿನಿಂದ ಹೊಸ ಟ್ಯೂಬಿಗೆ ಅದನ್ನು ದಾಟಿಸಬೇಕಿತ್ತು.

ಅಷ್ಟರಲ್ಲಿ ಮಾಲಯ ಅಮಾವಾಸ್ಯೆ ಬಂತು. ಅಜ್ಜಿ ಹೋದ ಮೇಲಿನ ಮೊದಲ ಪಿತೃಪಕ್ಷ. ಎಡೆಯನ್ನು ಅಜ್ಜಿಯ ಕೋಣೆಯಲ್ಲೇ ಇಡಬೇಕು ಎಂದು ಅಪ್ಪ ಹೇಳಿದ. ಬೇಕಿದ್ದರೆ ಇಡಿ, ಮೇಜಿನ ಹತ್ತಿರ ಯಾರೂ ಬರಕೂಡದು ಎಂದು ನಾನು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಷರತ್ತು ಹಾಕಿದೆ. ಅಜ್ಜಿಗೆ ಇಷ್ಟವಾದದ್ದನ್ನೆಲ್ಲ ಅಮ್ಮ ಮಾಡಿದಳು. ಸುಟ್ಟ ಜೋಳ ಎಂದರೆ ಅಜ್ಜಿಗೆ ಪ್ರಾಣ, ಅದನ್ನು ಮಾತ್ರ ಅಪ್ಪನೇ ಹೊಲದಿಂದ ಎಳೆ ತೆನೆ ಮುರಿದು ತಂದು ಕೆಂಡದ ಮೇಲೆ ಸುಟ್ಟ. ಎಲೆಯ ಮೇಲೆ ಬಡಿಸಿ, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ನಿಂತೆವು. ಹೀಗೆ ನಿಂತಾಗ ಯಾರೂ ಮಾತಾಡುವುದಿಲ್ಲ. ನಾನು ಒಳಗಿದ್ದ ಸಾಂಬ್ರಾಣಿ ಹೊಗೆ ಟ್ಯೂಬುಗಳಿಗೆ ಏನು ಮಾಡೀತು ಎಂದು ಯೋಚಿಸುತ್ತಿದ್ದೆ.

ಟ್ಯೂಬುಗಳಿಗೆ ಏನೂ ಆಗಲಿಲ್ಲ. ನಾಲ್ಕು ದಿನದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು, ದೀಪ ಹೊತ್ತಿಸಿ, ತಂತಿಯನ್ನು ಕೆಂಪಗೆ ಕಾಯಿಸಿ, ಆರನ್ನೂ ಹೊಸ ಟ್ಯೂಬುಗಳಿಗೆ ದಾಟಿಸಿದೆ. ಖಾಲಿ ಟ್ಯೂಬು ತಂದದ್ದು ಮೂರು ಡಜನ್ ಮಾತ್ರ. ಅದಕ್ಕೆ ಎಂದಿನ ಅಭ್ಯಾಸದಂತೆ ಹಳೆಯ ಆರನ್ನೂ ಅದೇ ಸಂಜೆ ಕುಕ್ಕರಿನಲ್ಲಿ ಕುದಿಸಿ ತೊಳೆದಿಟ್ಟೆ. ಹೊಸದು ಸರಿಯಾಗಿ ಬಂದಿದೆಯೇ ಎಂದು ನೋಡಿದ ಮೇಲೆ ಹಳೆಯದನ್ನು ಕೊಲ್ಲಬೇಕು ಎಂದು ಮೊದಲ ವರ್ಷದ ಹುಡುಗಿಯರಿಗೆ ಪಾಠ ಹೇಳುತ್ತಿದ್ದವಳು ನಾನೇ.

ಮಾರನೆಯ ದಿನ ಏನನ್ನೋ ಸುತ್ತಲು ಹಳೆಯ ಪೇಪರ್ ಬೇಕಾಗಿ ಸ್ಟೂಲ್ ಹತ್ತಿ ಅಟ್ಟ ನೋಡಿದೆ. ಹಲಗೆಗಳ ಮೇಲೆ ಒಂದು ಸ್ಟೀಲ್ ತಟ್ಟೆ. ತಟ್ಟೆಯಲ್ಲಿ ಬಾಳೆಎಲೆಯ ತುಂಡು, ಅದರ ಮೇಲೆ ಎಡೆಗಿಟ್ಟಿದ್ದ ಒಂದು ಸುಟ್ಟ ತೆನೆ. ತೆನೆಯ ತುಂಬ ಕಿತ್ತಳೆ ಬಣ್ಣದ ಪುಡಿ. ಒಂದು ಕ್ಷಣ ಅದೇನೆಂದು ನನ್ನ ತಲೆಗೆ ಹೋಗಲೇ ಇಲ್ಲ. ಆಮೇಲೆ ಬಗ್ಗಿ ಕೆಳಗಿನ ಮೇಜನ್ನು ನೋಡಿದೆ.

ಕಾಡು ನ್ಯೂರೊಸ್ಪೊರಾ, ಯಾವ ಜೀನೂ ಕೆಡದ ಅಸಲಿಯದು. ಅದರ ಒಂದು ಬಗೆಯ ಬೀಜಕಣ ವರ್ಷಗಟ್ಟಲೆ ಮಲಗಿರುತ್ತದೆ, ಬಿಸಿ ತಾಗಿದರೆ ಏಳುತ್ತದೆ. ಬೆಂಕಿ ಬಿದ್ದ ಕಾಡಿನಲ್ಲಿ, ಸುಟ್ಟ ಕಬ್ಬಿನ ಗದ್ದೆಯಲ್ಲಿ ಇದು ಎಲ್ಲಕ್ಕಿಂತ ಮೊದಲು ಕಾಣಿಸಿಕೊಳ್ಳುವುದು ಅದಕ್ಕೇ. ಅಪ್ಪ ಕೆಂಡದ ಮೇಲೆ ತೆನೆ ಸುಟ್ಟು ಅದನ್ನು ಎಬ್ಬಿಸಿದ್ದ. ಹಲಗೆಗಳ ಸಂದಿಯಿಂದ ಉದುರಿದ ಪುಡಿ ನೇರವಾಗಿ ಕೆಳಗಿನ ನನ್ನ ಮೇಜಿನ ಮೇಲೆ ಬಿದ್ದಿತ್ತು, ಟ್ಯೂಬುಗಳ ಹತ್ತಿ ಬಿರಡೆಗಳ ಮೇಲೂ. ಆ ಬಿರಡೆಗಳನ್ನೇ ನಾನು ಹಿಂದಿನ ದಿನ ಬಿಚ್ಚಿ ಮತ್ತೆ ಮುಚ್ಚಿದ್ದೆ.

ನಾನು ಕೂಗಿದ್ದಕ್ಕೆ ಅಪ್ಪ ಮಗ್ಗ ನಿಲ್ಲಿಸಿ ಬಂದ. ಇದನ್ನು ಇಲ್ಲಿಟ್ಟವರು ಯಾರು ಎಂದು ಕೇಳಿದೆ.

"ನಾನೇ ಕಣವ್ವಾ. ಇರ್ಲಿ ಬುಡು, ಅದ್ನ ಮುಟ್ಬ್ಯಾಡ" ಅಂದ.

ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಏನಂದೆ ಎಂದು ಇಲ್ಲಿ ಬರೆಯಲಾರೆ. ಒದ್ದೆ ಬಟ್ಟೆಯಲ್ಲಿ ತೆನೆಯನ್ನು ಎಲೆ ಸಮೇತ ಸುತ್ತಿ ಬಚ್ಚಲಿಗೆ ಹೋಗಿ ಹಂಡೆ ಒಲೆಯೊಳಗೆ ತುರುಕಿದೆ. ಅಪ್ಪ ಹಿಂದೆಯೇ ಬಂದು ಬೇಡ ಬೇಡ ಎಂದ, ಆದರೆ ಕೈ ಹಿಡಿದು ತಡೆಯಲಿಲ್ಲ. ಅದು ಉರಿದು ಮುಗಿಯುವ ತನಕ ಬಾಗಿಲಲ್ಲಿ ನಿಂತಿದ್ದು ಹೊರಟುಹೋದ. ನನಗೆ ಅವನ ಮುಖ ನೋಡುವಷ್ಟು ವ್ಯವಧಾನ ಇರಲಿಲ್ಲ.

ಕಾಡಿನದೂ ನನ್ನದೂ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಅರ್ಜಿನೈನ್ ಹಾಕಿದ ಟ್ಯೂಬಿನಲ್ಲಿ ಎರಡೂ ಬೆಳೆಯುತ್ತವೆ. ವ್ಯತ್ಯಾಸ ತಿಳಿಯಬೇಕಾದರೆ ಅರ್ಜಿನೈನ್ ಇಲ್ಲದ ಟ್ಯೂಬಿಗೆ ಹಾಕಿ ನೋಡಬೇಕು. ಆರರಿಂದಲೂ ಸ್ವಲ್ಪ ಸ್ವಲ್ಪ ತೆಗೆದು ಹಾಗೆ ಹಾಕಿದೆ. ಏನೂ ಬೆಳೆಯದಿರಲಿ ಎಂದು ಬೇಡಿಕೊಂಡು ಒಂದು ಹಗಲು ಒಂದು ರಾತ್ರಿ ಕಳೆದೆ. ಬೆಳಗ್ಗೆ ನೋಡಿದರೆ ಆರರಲ್ಲೂ ಬಿಳಿಯ ಎಳೆಗಳು. ಆರೂ ಕೆಟ್ಟಿದ್ದವು.

ಅವತ್ತೇ ಮೇಷ್ಟ್ರ ಫೋನ್ ಬಂತು. ಟ್ಯೂಬುಗಳು ಹೇಗಿವೆ ಎಂದು ಕೇಳಿದರು. ಚೆನ್ನಾಗಿವೆ ಸಾರ್ ಎಂದೆ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ನೋಡಿ ನನಗೇ ಹೆದರಿಕೆಯಾಯಿತು.

ನನ್ನದು ಪೂರ್ತಿ ಸತ್ತಿರಲಿಲ್ಲ. ಆ ಆರು ಟ್ಯೂಬುಗಳಲ್ಲಿ ಕಾಡಿನದರ ನಡುವೆ ಅದೂ ಇರಲೇಬೇಕಿತ್ತು, ಎಷ್ಟೋ ಲಕ್ಷ ಬೀಜಕಣಗಳ ನಡುವೆ ಕೆಲವಾದರೂ. ಅದನ್ನು ಬೇರ್ಪಡಿಸಲು ಹಳೆಯ ಉಪಾಯವೊಂದಿದೆ. ಬೀಜಕಣಗಳನ್ನೆಲ್ಲ ಅರ್ಜಿನೈನ್ ಇಲ್ಲದ ದ್ರವಕ್ಕೆ ಹಾಕಿ ಅಲ್ಲಾಡಿಸುತ್ತಿರಬೇಕು. ಕಾಡಿನವು ಮೊಳೆತು ಎಳೆ ಬಿಡುತ್ತವೆ. ನಾಲ್ಕೈದು ಗಂಟೆಗೊಮ್ಮೆ ಬಟ್ಟೆಯಲ್ಲಿ ಸೋಸಿದರೆ ಎಳೆ ಬಿಟ್ಟವು ಬಟ್ಟೆಯಲ್ಲಿ ನಿಲ್ಲುತ್ತವೆ, ಮೊಳೆಯಲಾಗದ ನನ್ನವು ಸಣ್ಣ ಕಣಗಳಾಗಿಯೇ ಕೆಳಗಿಳಿಯುತ್ತವೆ. ಮತ್ತೆ ಅಲ್ಲಾಡಿಸಬೇಕು, ಮತ್ತೆ ಸೋಸಬೇಕು. ಕೊನೆಗೆ ಉಳಿದದ್ದಕ್ಕೆ ಅರ್ಜಿನೈನ್ ಕೊಟ್ಟು ಬೆಳೆಸಬೇಕು. ತೊಂದರೆಯೆಂದರೆ ಅಷ್ಟೂ ಹೊತ್ತು ನನ್ನವು ಉಪವಾಸ ಇರುತ್ತವೆ. ಬೇಗ ನಿಲ್ಲಿಸಿದರೆ ಕಾಡಿನವು ಉಳಿದುಕೊಳ್ಳುತ್ತವೆ, ತಡ ಮಾಡಿದರೆ ನನ್ನವು ಸಾಯುತ್ತವೆ.

ಅಡುಗೆಮನೆಯ ಸಕ್ಕರೆ, ನಾನು ತಂದಿದ್ದ ಲವಣ ಸೇರಿಸಿ ದ್ರವ ಮಾಡಿ ಎರಡು ಬಾಟಲಿಗೆ ತುಂಬಿದೆ. ಸೋಸಲು ಬಟ್ಟೆ ಕೇಳಿದ್ದಕ್ಕೆ ಅಮ್ಮ ತುಪ್ಪ ಸೋಸುವ ಮಲ್ ಬಟ್ಟೆ ಕೊಟ್ಟಳು. ಕೊಡುವಾಗ ಕೈ ಬಿಡದೆ ಹಿಡಿದುಕೊಂಡೇ ಹೇಳಿದಳು:

"ನಿಮ್ಮಪ್ಪ ಎರಡ್ ದಿನದಿಂದ ಉಂಡಿಲ್ಲ ಸರ್ಯಾಗಿ. ಆ ತೆನೆ ಮ್ಯಾಲೆ ಯಾರೂ ಹಚ್ದೆ ಬಣ್ಣ ಬಂದಿತ್ತಲ್ಲ, ಅವ್ವ ಬಂದು ಮುಟ್ಟೋಗವ್ಳೆ ಅಂದ್ಕಂಡಿತ್ತು ಅದು. ಅದ್ಕೇ ಎಸೀದೆ ಅಟ್ಟದ್ ಮ್ಯಾಲೆ ಮಡ್ಗಿ, ದಿನಾ ನೀನ್ ಏಳೋಕ್ ಮುಂಚೆ ಹತ್ತಿ ನೋಡ್ಕಂಡ್ ಬರೋದು. ನಿಂಗೆ ಹೇಳುದ್ರೆ ನಗ್ತೀಯ ಅಂತ ಹೇಳ್ಲಿಲ್ಲ."

ನಾನು ಬಟ್ಟೆ ಕಿತ್ತುಕೊಂಡು ಬಂದೆ. ಹೌದು, ನಗುತ್ತಿದ್ದೆ. ಹೇಳಿದ್ದರೆ ಖಂಡಿತ ನಗುತ್ತಿದ್ದೆ, ಬೀಜಕಣದ ಬಗ್ಗೆ ಒಂದು ಗಂಟೆ ಪಾಠ ಮಾಡುತ್ತಿದ್ದೆ. ಆದರೆ ಅದನ್ನು ಯೋಚಿಸಲು ಆಗ ಪುರುಸೊತ್ತಿಲ್ಲ ಎಂದುಕೊಂಡೆ. ನಾಚಿಕೆಯನ್ನು ಮುಂದೂಡುವುದು ನನಗೆ ಚೆನ್ನಾಗಿ ಗೊತ್ತಿತ್ತು.

ಬಾಟಲಿಗಳನ್ನು ಕೈಯಲ್ಲೇ ಅಲ್ಲಾಡಿಸುತ್ತ ಜಗಲಿಯ ಮೇಲೆ ಕೂತೆ. ಒಂದು ಗಂಟೆಯಲ್ಲಿ ಮಣಿಕಟ್ಟು ಬಿದ್ದುಹೋಯಿತು. ಅಪ್ಪ ಎರಡು ಸಲ ಹಾದುಹೋದ. ಮೂರನೆಯ ಸಲ ಬಂದು ನಿಂತು, ಇದನ್ನು ಎಷ್ಟು ಹೊತ್ತು ಹೀಗೆ ಮಾಡಬೇಕು ಎಂದು ಕೇಳಿದ. ಎರಡು ದಿನ ಎಂದೆ, ತಲೆ ಎತ್ತದೆ. ಜೋರಾಗಿಯೋ ಮೆಲ್ಲಗೋ ಎಂದ. ಇಷ್ಟು ಎಂದು ತೋರಿಸಿದೆ. ಬಾಟಲಿಗಳನ್ನು ತೆಗೆದುಕೊಂಡು ಶೆಡ್ಡಿಗೆ ನಡೆದ.

ಒಂದು ಮಗ್ಗದಲ್ಲಿ ಉದ್ದಕ್ಕೆ ಹಾಯುವ ಹಾಸು ನೂಲು ಮುಗಿದಿತ್ತು, ಹೊಸ ಹಾಸು ಹೂಡುವುದಿತ್ತು. ಅಪ್ಪ ಅದನ್ನು ಹೂಡಲಿಲ್ಲ. ಮಗ್ಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಡಿಯುವ ಉದ್ದನೆಯ ಮರದ ಪಟ್ಟಿಯ ಎರಡು ತುದಿಗೆ ಹಳೆಯ ನೂಲಿನಿಂದ ಬಾಟಲಿಗಳನ್ನು ಬಿಗಿದ. ಬೆಲ್ಟು ಸಡಿಲಿಸಿ ವೇಗ ಇಳಿಸಿ, ಬಾಟಲಿಯೊಳಗಿನ ನೀರನ್ನೇ ನೋಡುತ್ತ, ನಾನು ತೋರಿಸಿದಷ್ಟೇ ಅಲ್ಲಾಡುವ ಹಾಗೆ ಮಾಡಿದ. ನೂಲಿಲ್ಲದ ಮಗ್ಗ ನನ್ನ ಬೂಷ್ಟಿಗಾಗಿ ಓಡತೊಡಗಿತು. ನಮ್ಮ ಪ್ರಯೋಗಾಲಯದ ಯಂತ್ರ ಇದಕ್ಕಿಂತ ಚೆನ್ನಾಗಿ ಅಲ್ಲಾಡಿಸುತ್ತಿರಲಿಲ್ಲ. ಅದನ್ನು ಅವನಿಗೆ ಹೇಳಬಹುದಿತ್ತು. ಹೇಳಲಿಲ್ಲ.

ಎರಡು ದಿನ ಹೀಗೆ ನಡೆಯಿತು. ಹೊತ್ತಿಗೆ ಸರಿಯಾಗಿ ಅಪ್ಪ ಮಗ್ಗ ನಿಲ್ಲಿಸಿ ಬಾಟಲಿ ಬಿಚ್ಚಿ ಕೊಡುತ್ತಿದ್ದ. ನಾನು ದೀಪದ ಪಕ್ಕದಲ್ಲಿ ಸೋಸಿ ವಾಪಸ್ಸು ಕೊಡುತ್ತಿದ್ದೆ, ಅವನು ಮತ್ತೆ ಕಟ್ಟುತ್ತಿದ್ದ. ರಾತ್ರಿ ಮಗ್ಗ ನಿಂತಾಗ ಅಮ್ಮನನ್ನು ಕೇಳದೆ ಬಾಟಲಿಗಳನ್ನು ಫ್ರಿಜ್‌ನಲ್ಲಿಡುತ್ತಿದ್ದೆ, ತಂಪಿನಲ್ಲಿ ಕಾಡಿನದೂ ನನ್ನದೂ ಇದ್ದ ಹಾಗೇ ನಿಲ್ಲಲೆಂದು. ಮೊದಲ ಸಲ ಬಟ್ಟೆಯ ಮೇಲೆ ದಪ್ಪನೆಯ ಕೆನೆಯಷ್ಟು ಬೂಷ್ಟು ನಿಂತಿತು. ನಾಲ್ಕನೆಯ ಸಲ ತೆಳ್ಳಗಾಯಿತು. ಅಪ್ಪ ಬಟ್ಟೆಯನ್ನೂ ನೋಡುತ್ತಿದ್ದ, ನನ್ನ ಮುಖವನ್ನೂ ನೋಡುತ್ತಿದ್ದ. ನಾನು ಏನನ್ನು ಹುಡುಕುತ್ತಿದ್ದೇನೆ ಎಂದು ಅವನಿಗೆ ಹೇಳಿರಲೇ ಇಲ್ಲ.

ಎರಡನೆಯ ದಿನ ಮಧ್ಯಾಹ್ನ ತಡೆಯಲಾಗದೆ ಮೇಷ್ಟ್ರಿಗೆ ಫೋನ್ ಮಾಡಿ ನಿಜ ಹೇಳಿಬಿಟ್ಟೆ. ಅವರು ಬೈದಿದ್ದರೆ ಹಗುರವಾಗುತ್ತಿತ್ತು. ಎಷ್ಟು ಗಂಟೆಗೊಮ್ಮೆ ಸೋಸುತ್ತಿದ್ದೀಯ ಎಂದು ಮಾತ್ರ ಕೇಳಿದರು. ಹೇಳಿದೆ. "ಇನ್ನೊಂದೇ ಸಲ ಸೋಸಿ ನಿಲ್ಲಿಸು. ಅದಕ್ಕಿಂತ ಹೆಚ್ಚು ಹೊತ್ತು ಉಪವಾಸ ಕೆಡವಬೇಡ" ಎಂದು ಇಟ್ಟುಬಿಟ್ಟರು.

ಕೊನೆಯ ಸಲ ಸೋಸಿದ್ದನ್ನು ಅರ್ಜಿನೈನ್ ಇದ್ದ ತಟ್ಟೆಗಳ ಮೇಲೆ ಸವರಿದೆ. ಎರಡು ದಿನಕ್ಕೆ ಅಲ್ಲಲ್ಲಿ ಚುಕ್ಕೆಗಳು ಎದ್ದವು, ಇಪ್ಪತ್ತೊಂಬತ್ತು. ಯಾವುದು ಕಾಡಿನದು, ಯಾವುದು ನನ್ನದು? ಒಂದೊಂದು ಚುಕ್ಕೆಯನ್ನೂ ತಂತಿಯಲ್ಲಿ ಎತ್ತಿ ಅರ್ಜಿನೈನ್ ಇಲ್ಲದ ಒಂದೊಂದು ಟ್ಯೂಬಿಗೆ ಹಾಕಿದೆ. ಅವಸರದಲ್ಲಿ ಒಂದೆರಡು ಚುಕ್ಕೆಗಳನ್ನು ಬುಡಸಮೇತ ಕಿತ್ತುಬಿಟ್ಟೆ. ಅಷ್ಟರೊಳಗೆ ತಟ್ಟೆಗಳ ಮೇಲೆ ಕಾಡಿನದು ಹರಡಿಕೊಂಡು ಉಳಿದ ಚುಕ್ಕೆಗಳನ್ನು ಮುಚ್ಚಿಹಾಕಿತು. ಇನ್ನು ಇದ್ದದ್ದು ಆ ಇಪ್ಪತ್ತೊಂಬತ್ತು ಟ್ಯೂಬು ಮಾತ್ರ.

ಮಾರನೆಯ ಬೆಳಗ್ಗೆ ಒಂದೊಂದನ್ನೇ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಬೆಳೆದಿದೆ. ಬೆಳೆದಿದೆ. ಇದೂ ಬೆಳೆದಿದೆ. ಹತ್ತು ದಾಟಿತು, ಇಪ್ಪತ್ತು ದಾಟಿತು. ಬೆಳೆದದ್ದನ್ನೆಲ್ಲ ಒಂದು ಬದಿಗೆ ಸರಿಸುತ್ತ ಹೋದೆ. ಇಪ್ಪತ್ತಾರನೆಯದು ಖಾಲಿ. ಉಳಿದ ಮೂರೂ ಬೆಳೆದಿದ್ದವು. ಖಾಲಿಯದನ್ನು ಹಿಡಿದುಕೊಂಡು ಹಾಗೇ ನಿಂತೆ. ಅಪ್ಪ ಯಾವಾಗ ಬಾಗಿಲಿಗೆ ಬಂದಿದ್ದನೋ ಗೊತ್ತಿಲ್ಲ. ನನ್ನ ಕೈಯಲ್ಲಿದ್ದ ಟ್ಯೂಬಿನಲ್ಲಿ ಏನೂ ಇಲ್ಲದ್ದನ್ನು ನೋಡಿ ಅವನ ಮುಖ ಇಳಿಯಿತು.

"ತಪ್ಪಾಯ್ತು ಕಣವ್ವಾ" ಅಂದ. "ನಂಗೊತ್ತಿರ್ಲಿಲ್ಲ. ಐದ್ ವರ್ಷದ್ ಕೆಲ್ಸ ಕೆಡ್ಸ್‌ಬುಟ್ಟೆ."

ನನಗೆ ಅಳು ಬಂತು. ಅಲ್ಲಪ್ಪಾ ಎಂದು ಎಲ್ಲ ಹೇಳಿದೆ, ಮೊದಲ ಸಲ, ಪಾಠದ ಹಾಗಲ್ಲದೆ. ಬೆಳೆದವು ನಮ್ಮವಲ್ಲ. ಬೆಳೆಯದೆ ಇರುವುದೇ ನನ್ನದು, ಇಷ್ಟು ದಿನ ಹುಡುಕಿದ್ದು ಇದನ್ನೇ. ಆದರೆ ನಾನು ಎತ್ತಿ ಹಾಕುವಾಗಲೇ ಸತ್ತಿದ್ದರೂ ಹೀಗೇ ಕಾಣುತ್ತದೆ. ಹಸಿದಿದೆಯೋ ಸತ್ತಿದೆಯೋ ನೋಡಿದರೆ ಗೊತ್ತಾಗುವುದಿಲ್ಲ. ಅರ್ಜಿನೈನ್ ಹಾಕಿದರೆ ಮಾತ್ರ ಗೊತ್ತಾಗುವುದು. ಹಾಕಿದ ಮೇಲೂ ಏನೂ ಬರದಿದ್ದರೆ ಎಲ್ಲ ಮುಗಿಯಿತು, ಅದಕ್ಕೇ ಹಾಕಲು ಧೈರ್ಯ ಬರುತ್ತಿಲ್ಲ ಎಂದೆ.

ಅಪ್ಪ ಟ್ಯೂಬನ್ನೇ ನೋಡುತ್ತ ಎಲ್ಲ ಕೇಳಿಸಿಕೊಂಡ.

"ಹಸ್ದೈತೇನೋ ಅಂತೀಯ, ನೋಡ್ಕಂಡ್ ನಿಂತಿದ್ದೀಯ" ಅಂದ. "ಇಕ್ಕು ಮೊದ್ಲು."

ಅಪ್ಪನ ಎದುರಿಗೇ ದೀಪ ಹೊತ್ತಿಸಿ ಅರ್ಜಿನೈನ್ ದ್ರವದ ಎರಡು ಹನಿ ಬಿಟ್ಟೆ. ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದ. ನಾಳೆ ಬೆಳಗ್ಗೆ ಎಂದೆ. ಅವತ್ತು ಇಬ್ಬರೂ ಒಟ್ಟಿಗೆ ಊಟಕ್ಕೆ ಕೂತೆವು. ಇಬ್ಬರಿಗೂ ಊಟ ಸೇರಲಿಲ್ಲ.

ಬೆಳಗ್ಗೆ ಕೋಣೆಗೆ ಹೋದಾಗ ಅಪ್ಪ ಆಗಲೇ ಒಳಗಿದ್ದ. ಮೇಜಿನಿಂದ ಎರಡು ಹೆಜ್ಜೆ ದೂರದಲ್ಲಿ, ನಾನು ಅಮಾವಾಸ್ಯೆಯ ದಿನ ಗೆರೆ ಎಳೆದಿದ್ದಲ್ಲೇ, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ. ಟ್ಯೂಬನ್ನು ಎತ್ತಿ ಬೆಳಕಿಗೆ ಹಿಡಿದೆ. ತಳದಿಂದ ಮೇಲಕ್ಕೆ ಬಿಳಿಯ ಎಳೆಗಳು ಬಂದಿದ್ದವು, ಬಹಳ ತೆಳ್ಳಗೆ, ಆದರೆ ಬಂದಿದ್ದವು. ಅಪ್ಪನ ಕೈಗೆ ಕೊಟ್ಟೆ. ಅವನು ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡಿದ. ಈಗಲೇ ಹೇಳದಿದ್ದರೆ ಎಂದೂ ಹೇಳಲಾರೆ ಎನಿಸಿತು.

"ಅವತ್ತು ಆ ತೆನೆ ಸುಡ್ಬಾರ್ದಾಗಿತ್ತಪ್ಪಾ. ಅಮ್ಮ ಹೇಳುದ್ಲು."

ಅಪ್ಪ ಟ್ಯೂಬಿನಿಂದ ಕಣ್ಣು ತೆಗೆಯಲಿಲ್ಲ.

"ಯಾಕ್ ಮಡ್ಗಿದ್ದೀಯ ಅಂತ ಒಂದ್ ಮಾತು ಕೇಳ್ಬೋದಾಗಿತ್ತು ನೀನು" ಅಂದ.

ಟ್ಯೂಬನ್ನು ಜೋಪಾನವಾಗಿ ನನ್ನ ಕೈಗಿಟ್ಟು, ಅಪ್ಪ ಶೆಡ್ಡಿಗೆ ಹೋಗಿ ಹೊಸ ಹಾಸು ಹೂಡಲು ಕೂತ.